ಹತ್ತು ಹೊಲ, ಒಂದು ಕಾಲುವೆ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಪಯಣಿಸುವವರಿಗೆ ಎರಡು ಬಗೆಯ ನೆಲ ಕಾಣಸಿಗುವುದು. ಕಾಲುವೆಯ ನೀರು ಧಾರಾಳವಾಗಿ ತಲುಪಿದೆಡೆ ಕಣ್ಣು ಹರಿಯುವವರೆಗೂ ಭತ್ತದ ಹಸುರು; ತಲುಪದೆಡೆ ಮಳೆಯನ್ನೇ ನಂಬಿ ಜೋಳ, ಹತ್ತಿ, ಕಡಲೆಗಳನ್ನು ಬೆಳೆಯುವ ಕಪ್ಪು ಎರೆಭೂಮಿ. ಇವೆರಡರ ನಡುವೆ ಮೂರನೆಯದೊಂದು ನೆಲವೂ ಉಂಟು. ಅಲ್ಲಿ ಕಾಲುವೆಯಿದೆ, ತೂಬಿದೆ; ಆದರೆ ಬೇಕಾದ ಕಾಲದಲ್ಲಿ ನೀರಿಲ್ಲ. ಇದೇ ಕಾಲುವೆಯ ಕೊನೆಯ ಭಾಗ. ಮೇಲಿನ ಹಳ್ಳಿಯ ಗದ್ದೆಗಳಲ್ಲಿ ನೀರು ನಿಂತಿರುವಾಗಲೇ ಕೆಳಗಿನ ಹಳ್ಳಿಯ ರೈತರು ಒಣಗುವ ಪೈರನ್ನು ನೋಡುತ್ತ ನೀರಿಗಾಗಿ ಮೊರೆಯಿಡಬೇಕಾಗುವುದು.

ಇದು ಯಾರ ತಪ್ಪು? ಕೊನೆಯ ಭಾಗ ಒಣಗಲಿ ಎಂದು ಯಾವ ಅಧಿಕಾರಿಯೂ ಆಜ್ಞೆ ಮಾಡಿಲ್ಲ. ಹಾಗಾಗಲೆಂದು ಯಾವ ರೈತನೂ ಬಯಸಿಲ್ಲ. ಆದರೂ ಅದು ವರ್ಷವರ್ಷವೂ ನಡೆಯುತ್ತದೆ. ಯಾರೂ ಬಯಸದ ಒಂದು ಫಲ ಎಲ್ಲರ ಸಣ್ಣ ಸಣ್ಣ ತೀರ್ಮಾನಗಳಿಂದ ಹೇಗೆ ಹುಟ್ಟುವುದೆಂಬುದನ್ನು ಅರಿಯಲು ವಿಜ್ಞಾನಿಗಳು ಬಳಸುವ ಉಪಾಯವೊಂದನ್ನು ನಾವು ಈ ಲೇಖನದಲ್ಲಿ ಕಲಿಯೋಣ. ಅದಕ್ಕೆ ಬೇಕಾದ ಸಾಮಗ್ರಿ ಒಂದು ಹಾಳೆ ಮತ್ತು ಒಂದು ಹಿಡಿ ಹುಣಿಸೆಬೀಜ.

ಯೋಜನೆಯ ಉದ್ದೇಶ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿದುದು ೧೯೫೩ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಬಳ್ಳಾರಿ ಸೀಮೆಯು ಮದರಾಸಿನಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿತು. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹೊಲಗಳಿಗೆ ಇಂದು ನೀರುಣಿಸುವುದು ಆ ಅಣೆಕಟ್ಟಿನ ಬಲದಂಡೆಯ ಕಾಲುವೆಗಳು. ಬಳ್ಳಾರಿ ನಗರದ ಕುಡಿಯುವ ನೀರಿಗೂ ಇವೇ ಆಧಾರ.

ಯೋಜನೆಯನ್ನು ರೂಪಿಸಿದವರ ಕಣ್ಣೆದುರು ಇದ್ದುದು ಈ ಸೀಮೆಯ ಬರಗಾಲಗಳು. ಆದುದರಿಂದ ಕೆಲವೇ ಹೊಲಗಳಿಗೆ ಹೇರಳವಾಗಿ ನೀರು ಕೊಡುವ ಬದಲು, ಹೆಚ್ಚು ಹೊಲಗಳಿಗೆ ಮಿತವಾಗಿ ಕೊಡುವುದೆಂದು ಅವರು ನಿಶ್ಚಯಿಸಿದರು. ನೆಲದ ಬಹುಭಾಗವನ್ನು ಜೋಳ, ಹತ್ತಿ ಮೊದಲಾದ ಅರೆ ಖುಷ್ಕಿ ಬೆಳೆಗಳಿಗೆಂದು ಗೊತ್ತುಮಾಡಲಾಯಿತು. ಭತ್ತಕ್ಕೆ ಸಿಕ್ಕಿದುದು ಸ್ವಲ್ಪ ಭಾಗ ಮಾತ್ರ. ಆದರೆ ತೂಬಿಗೆ ಸಮೀಪದ ಹೊಲಗಳಲ್ಲಿ ಭತ್ತವು ಕ್ರಮೇಣ ಹಬ್ಬಿತು. ಕಾಗದದ ಮೇಲಿನ ಕಾಲುವೆಯೇ ಬೇರೆ, ನೆಲದ ಮೇಲಿನ ಕಾಲುವೆಯೇ ಬೇರೆ ಆಯಿತು.

ಭಾಗವತನಿಲ್ಲದ ಬಯಲಾಟ

ಅನೇಕ ಘಟಕಗಳು ಒಂದರ ನಡೆಯಿಂದ ಇನ್ನೊಂದು ಪ್ರಭಾವಿತವಾಗುತ್ತ, ಒಟ್ಟಿನಲ್ಲಿ ಹೊಸದೊಂದು ನಡವಳಿಕೆಯನ್ನು ತೋರುವ ಏರ್ಪಾಡಿಗೆ ಸಂಕೀರ್ಣ ವ್ಯವಸ್ಥೆ ಎಂದು ಹೆಸರು. ಇರುವೆಗಳ ಗೂಡು, ಸಂತೆಯ ಧಾರಣೆ, ಸಾಂಕ್ರಾಮಿಕ ರೋಗದ ಹರಡುವಿಕೆ ಇವೆಲ್ಲ ಆ ಜಾತಿಗೆ ಸೇರಿದವು. ಇಂಥ ವ್ಯವಸ್ಥೆಯನ್ನು ಒಂದೇ ಸಮೀಕರಣದಿಂದ ಹಿಡಿದಿಡುವುದು ಬಹುತೇಕ ಕಷ್ಟ. ಬದಲಾಗಿ, ಪ್ರತಿಯೊಂದು ಘಟಕವನ್ನೂ ಬೇರೆ ಬೇರೆಯಾಗಿ ಕಲ್ಪಿಸಿಕೊಂಡು, ಅದಕ್ಕೆ ಒಂದೆರಡು ಸರಳ ನಿಯಮಗಳನ್ನು ಕೊಟ್ಟು, ಮುಂದೇನಾಗುವುದೆಂದು ನೋಡಬಹುದು. ಆ ಘಟಕಕ್ಕೆ ಏಜೆಂಟ್ ಎಂದೂ, ಈ ವಿಧಾನಕ್ಕೆ ಏಜೆಂಟ್ ಆಧಾರಿತ ಅನುಕರಣವೆಂದೂ ಕರೆಯುತ್ತಾರೆ.

ಬಳ್ಳಾರಿ ಸೀಮೆಯವರಿಗೆ ಬಯಲಾಟದ ಹೋಲಿಕೆಯಿಂದ ಇದನ್ನು ತಿಳಿಸಬಹುದು. ಬಯಲಾಟದಲ್ಲಿ ಕಥೆಯನ್ನು ನಡೆಸಲು ಭಾಗವತನಿರುತ್ತಾನೆ. ಇಲ್ಲಿಯಾದರೋ ಭಾಗವತನಿಲ್ಲ, ಮೊದಲೇ ಬರೆದಿಟ್ಟ ಕಥೆಯೂ ಇಲ್ಲ. ಪ್ರತಿಯೊಬ್ಬ ಪಾತ್ರಧಾರಿಗೂ ತನ್ನ ಸ್ವಭಾವವೊಂದು ಗೊತ್ತು. ಪಕ್ಕದವನು ಮಾಡುವುದು ಕಣ್ಣಿಗೆ ಬೀಳುತ್ತದೆ. ಅಷ್ಟರಿಂದಲೇ ಕಥೆ ಹುಟ್ಟಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ ಅವರು ೧೯೭೧ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ವಿಚಾರವನ್ನು ಚದುರಂಗದ ಮಣೆಯಂಥ ಹಾಳೆಯ ಮೇಲೆ ನಾಣ್ಯಗಳನ್ನು ಸರಿಸಿಯೇ ತೋರಿಸಬಹುದು. ತನ್ನಂಥವರು ಅಕ್ಕಪಕ್ಕ ಕೆಲವರಾದರೂ ಇರಲಿ ಎಂಬ ಸಣ್ಣ ಆಸೆಯೇ ಊರನ್ನು ಎರಡು ಕೇರಿಗಳಾಗಿ ಒಡೆಯಬಲ್ಲುದೆಂದು ಅವರು ತೋರಿಸಿಕೊಟ್ಟರು.

ಹಾಳೆಯ ಮೇಲಿನ ಕಾಲುವೆ

ಈಗ ನಮ್ಮ ಕಾಲುವೆಯನ್ನು ಕಟ್ಟೋಣ. ಹಾಳೆಯ ಮೇಲೆ ಸಾಲಾಗಿ ಹತ್ತು ಚೌಕಗಳನ್ನು ಬರೆಯಿರಿ. ಒಂದನೆಯದು ತೂಬಿನ ಪಕ್ಕದ ಹೊಲ, ಹತ್ತನೆಯದು ಕೊನೆಯ ಹೊಲ. ಒಂದು ಹುಣಿಸೆಬೀಜವೆಂದರೆ ಒಂದು ಅಳತೆ ನೀರು. ಪ್ರತಿ ಹಂಗಾಮಿಗೂ ಕಾಲುವೆಗೆ ೧೬ ಬೀಜ ಬರುವುದೆನ್ನೋಣ. ಭತ್ತಕ್ಕೆ ೩ ಬೀಜ ಬೇಕು, ಜೋಳಕ್ಕೆ ೧ ಸಾಕು. ನೀರು ಪೂರ್ತಿಯಾಗಿ ಸಿಕ್ಕರೆ ಭತ್ತಕ್ಕೆ ೫ ಅಂಕ, ಜೋಳಕ್ಕೆ ೨ ಅಂಕ. ಸಾಲದೆ ಹೋದರೆ ಸೊನ್ನೆ. ಈ ಸಂಖ್ಯೆಗಳು ಆಟಕ್ಕಾಗಿ ನಾವು ಇಟ್ಟುಕೊಂಡವೇ ಹೊರತು ನಿಜವಾದ ಇಳುವರಿಯೂ ಅಲ್ಲ, ಬೆಲೆಯೂ ಅಲ್ಲ.

ನಿಯಮಗಳು ನಾಲ್ಕು. ಮೊದಲನೆಯದು: ನೀರು ಒಂದನೆಯ ಹೊಲದಿಂದ ಆರಂಭಿಸಿ ಕ್ರಮವಾಗಿ ಕೆಳಗಿಳಿಯುವುದು, ಪ್ರತಿಯೊಬ್ಬನೂ ತನಗೆ ಬೇಕಾದುದನ್ನು, ಅಷ್ಟಿಲ್ಲದಿದ್ದರೆ ಉಳಿದಿರುವುದನ್ನು, ತೆಗೆದುಕೊಳ್ಳುವನು. ಎರಡನೆಯದು: ಬೆಳೆ ಕೈಕೊಟ್ಟವನು ಮುಂದಿನ ಹಂಗಾಮಿಗೆ ಜೋಳ ಬಿತ್ತುವನು. ಮೂರನೆಯದು: ತನ್ನ ಬೆಳೆಯೂ ಬಂದು, ಮೇಲಿನ ಹೊಲದವನ ಭತ್ತವೂ ಬಂದಿದ್ದರೆ, ಮುಂದಿನ ಹಂಗಾಮಿಗೆ ತಾನೂ ಭತ್ತ ಹಾಕುವನು. ನಾಲ್ಕನೆಯದು: ಉಳಿದ ಸಂದರ್ಭಗಳಲ್ಲಿ ಹಿಂದಿನ ಬೆಳೆಯನ್ನೇ ಮುಂದುವರಿಸುವನು. ಇವುಗಳಲ್ಲಿ ದುರಾಸೆಯ ಮಾತಿಲ್ಲ. ನೆರೆಯವನನ್ನು ನೋಡಿ ಕಲಿಯುವ ಸಹಜ ಗುಣ ಮಾತ್ರ ಇದೆ.

ಮೊದಲ ಹಂಗಾಮಿನಲ್ಲಿ ಒಂದನೆಯವನು ಮಾತ್ರ ಭತ್ತ ಹಾಕುತ್ತಾನೆ. ಅವನಿಗೆ ೩, ಉಳಿದ ಒಂಬತ್ತು ಮಂದಿಗೆ ೯, ಒಟ್ಟು ೧೨. ನಾಲ್ಕು ಬೀಜ ಮಿಗುವುದು. ಎರಡನೆಯ ಹಂಗಾಮಿಗೆ ಭತ್ತದ ಹೊಲ ಎರಡು, ಮೂರನೆಯದಕ್ಕೆ ಮೂರು. ಆಗ ೧೬ ಬೀಜವೂ ಸರಿಯಾಗಿ ಮುಗಿದು ಹತ್ತೂ ಹೊಲಗಳಲ್ಲಿ ಬೆಳೆ ನಿಲ್ಲುವುದು. ಊರಿನ ಒಟ್ಟು ಅಂಕ ೨೯. ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹಾಗೆ ನಿಲ್ಲಬೇಕೆಂದು ನಾಲ್ಕನೆಯವನಿಗೆ ಹೇಳುವವರಾರು? ಮೂರನೆಯವನ ಭತ್ತ ಅವನ ಕಣ್ಣೆದುರಿಗಿದೆ.

ನಾಲ್ಕನೆಯ ಹಂಗಾಮಿನಲ್ಲಿ ಅವನೂ ಭತ್ತ ಹಾಕುತ್ತಾನೆ. ಅವನಿಗೇನೂ ಕೊರತೆಯಾಗದು, ಐದರಿಂದ ಎಂಟನೆಯವರಿಗೂ ಜೋಳ ಬರುವುದು. ನೀರಿಲ್ಲದೆ ಹೋಗುವುದು ದೂರದ ಒಂಬತ್ತು ಮತ್ತು ಹತ್ತನೆಯವರಿಗೆ. ಐದನೆಯ ಹಂಗಾಮಿನಲ್ಲಿ ಐದನೆಯವನೂ ಭತ್ತಕ್ಕೆ ತಿರುಗಿದಾಗ ೧೫ ಬೀಜ ಮೇಲೆಯೇ ಮುಗಿದು, ಉಳಿದ ಒಂದು ಆರನೆಯವನ ಜೋಳಕ್ಕೆ ಸಲ್ಲುವುದು. ಏಳರಿಂದ ಹತ್ತರವರೆಗೆ ನಾಲ್ವರು ಬರಿಗೈಯವರು. ಆರನೆಯವನ ಪಾಡು ಇನ್ನೂ ವಿಚಿತ್ರ. ಮೇಲಿನವನನ್ನು ನೋಡಿ ಭತ್ತ ಹಾಕುತ್ತಾನೆ, ನೀರು ಸಾಲದೆ ಕಳೆದುಕೊಳ್ಳುತ್ತಾನೆ. ಮರುಹಂಗಾಮಿಗೆ ಜೋಳ ಬೆಳೆದು ಚೇತರಿಸಿಕೊಳ್ಳುತ್ತಾನೆ, ಮತ್ತೆ ಆಸೆಪಡುತ್ತಾನೆ. ಆಟವನ್ನು ಎಷ್ಟು ಹಂಗಾಮು ಮುಂದುವರಿಸಿದರೂ ಚಿತ್ರ ಬದಲಾಗದು. ಊರಿನ ಅಂಕ ಒಂದು ಹಂಗಾಮಿಗೆ ೨೫, ಮತ್ತೊಂದಕ್ಕೆ ೨೭. ೨೯ ಮರಳಿ ಬಾರದು.

ಇಲ್ಲೊಂದು ಎಚ್ಚರಿಕೆಯ ಮಾತು. ಭತ್ತಕ್ಕೆ ೫ರ ಬದಲು ೭ ಅಂಕವೆಂದಿಟ್ಟರೆ ಲೆಕ್ಕ ತಿರುಗುವುದು. ಮೂರು ಹೊಲ ಭತ್ತವಿದ್ದಾಗ ಊರಿನ ಅಂಕ ೩೫. ಐದು ಹೊಲ ಭತ್ತವಾಗಿ ಆರನೆಯವನಿಗೆ ಜೋಳ ಬಂದಾಗ ೩೭. ಒಟ್ಟು ಮೊತ್ತ ಹೆಚ್ಚಿತು. ಆದರೆ ಅದೇ ನಾಲ್ಕು ಮನೆಗಳಲ್ಲಿ ಒಲೆ ಉರಿಯಲಿಲ್ಲ. ಮೊತ್ತವನ್ನು ಮಾತ್ರ ನೋಡುವವನಿಗೆ ಕೊನೆಯ ಹೊಲ ಕಾಣುವುದಿಲ್ಲ. ಪ್ರತಿಯೊಬ್ಬನ ಲೆಕ್ಕವನ್ನೂ ಬೇರೆಯಾಗಿ ಇಡುವುದೇ ಈ ವಿಧಾನದ ಮುಖ್ಯ ಗುಣ.

ಒಂದು ನಿಯಮ ಬದಲಾದರೆ

ಈಗ ರೈತರ ಸ್ವಭಾವವನ್ನು ಮುಟ್ಟದೆ ಮೊದಲನೆಯ ನಿಯಮವೊಂದನ್ನೇ ಬದಲಿಸೋಣ. ನೀರು ಬಂದೊಡನೆ ಹತ್ತು ಹೊಲಕ್ಕೂ ಒಂದೊಂದು ಬೀಜ ಹಂಚಬೇಕು. ಉಳಿದ ಆರನ್ನು ಮಾತ್ರ ಮೇಲಿನಿಂದ ಕ್ರಮವಾಗಿ, ಕೇಳಿದವರಿಗೆ ಕೊಡಬೇಕು. ಆಗ ಮೂವರು ಭತ್ತ ಬೆಳೆಯಬಲ್ಲರು. ನಾಲ್ಕನೆಯವನು ಭತ್ತ ಹಾಕಿದರೆ ಸೋಲುವನು ತಾನೇ; ಕೆಳಗಿನವರಲ್ಲ. ಯಾವ ಹೊಲವೂ ಸದಾ ಒಣಗಿರುವುದಿಲ್ಲ. ಅದೇ ಜನ, ಅದೇ ನೀರು, ಅದೇ ಆಸೆ. ಫಲ ಮಾತ್ರ ಬೇರೆ. ಮೊದಲ ಆಟದಲ್ಲಿ ನಾಲ್ಕನೆಯವನ ತೀರ್ಮಾನದ ನಷ್ಟ ಅವನು ಕಾಣದ ಹೊಲಗಳ ಮೇಲೆ ಬಿದ್ದಿತ್ತು. ಎರಡನೆಯದರಲ್ಲಿ ಅದು ಅವನಿಗೇ ಮರಳಿತು. ಎಲ್ಲ ವ್ಯತ್ಯಾಸವೂ ಇಷ್ಟರಲ್ಲೇ ಅಡಗಿದೆ.

ಇದು ಬರಿಯ ಆಟದ ಮಾತಲ್ಲವೆಂಬುದಕ್ಕೆ ದೂರದ ಬಾಲಿ ದ್ವೀಪದಲ್ಲಿ ಸಾಕ್ಷ್ಯವಿದೆ. ಅಲ್ಲಿಯ ಭತ್ತದ ರೈತರು ಸುಬಕ್ ಎಂಬ ಸಂಘಗಳಲ್ಲಿ ಸೇರಿ, ಜಲದೇವಾಲಯಗಳಲ್ಲಿ ಕೂಡಿ ಬಿತ್ತನೆಯ ಕಾಲವನ್ನು ಗೊತ್ತುಮಾಡುವರು. ೧೯೭೦ರ ದಶಕದಲ್ಲಿ ಹಸುರು ಕ್ರಾಂತಿಯ ಉತ್ಸಾಹದಿಂದ ಅವರವರಿಗೆ ಬೇಕಾದಾಗ ಬಿತ್ತುವಂತೆ ರೈತರನ್ನು ಪ್ರೇರೇಪಿಸಲಾಯಿತು. ನೀರಿನ ಕೊರತೆಯೂ ಕೀಟಗಳ ಹಾವಳಿಯೂ ಒಟ್ಟಿಗೇ ಬಂದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೇಮರ್ ಅವರು ಎರಡು ನದಿಗಳ ನಡುವಿನ ೧೭೨ ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಏಜೆಂಟುಗಳಾಗಿ ಕಲ್ಪಿಸಿ, ೧೯೯೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ನೆರೆಹೊರೆಯಲ್ಲಿ ಯಾರಿಗೆ ಹೆಚ್ಚು ಬೆಳೆ ಬಂದಿತೋ ಅವರ ಬಿತ್ತನೆಯ ಕ್ರಮವನ್ನು ಅನುಸರಿಸುವುದೇ ಅಲ್ಲಿಯ ನಿಯಮ. ಕೆಲವು ವರ್ಷಗಳ ಆಟದಲ್ಲಿಯೇ ದೇವಾಲಯಗಳ ಕೂಟವನ್ನು ಹೋಲುವ ವ್ಯವಸ್ಥೆಯೊಂದು ತಾನಾಗಿ ಮೂಡಿ, ಇಳುವರಿಯೂ ಏರಿತು.

ನೆರೆಯವನ ಅನುಕರಣೆ ಅಲ್ಲಿ ಹಿತವನ್ನು ತಂದಿತು, ನಮ್ಮ ಹಾಳೆಯಲ್ಲಿ ಕೇಡನ್ನು. ಹೀಗೇಕೆ? ಬಾಲಿಯಲ್ಲಿ ಮೇಲಿನವನು ಕೆಳಗಿನವನಿಗೆ ನೀರು ಬಿಡದಿದ್ದರೆ, ಕೆಳಗಿನವನು ಬೇರೆ ಕಾಲದಲ್ಲಿ ಬಿತ್ತುವನು. ಆಗ ಕೀಟಗಳಿಗೆ ವರ್ಷವಿಡೀ ಮೇವು ದೊರೆತು ಅವು ಮೇಲಿನವನ ಗದ್ದೆಗೂ ನುಗ್ಗುವುವು. ಕೆಳಗಿನವನ ಸಂಕಟ ಮೇಲಿನವನಿಗೆ ತಟ್ಟುವುದು. ನಮ್ಮ ಹಾಳೆಯ ಕಾಲುವೆಯಲ್ಲಿ ಹಾಗೆ ತಟ್ಟುವ ದಾರಿಯೇ ಇರಲಿಲ್ಲ.

ಮಾದರಿಗೆ ಇನ್ನಷ್ಟು ಜೀವ

ಹಾಗಾದರೆ ನಿಜವಾದ ಕಾಲುವೆಯಲ್ಲಿ ಆ ದಾರಿ ಇದೆಯೆ? ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಎರೆಭೂಮಿಗೆ ಅತಿಯಾಗಿ ನೀರುಣಿಸಿದುದರಿಂದ ನೀರು ಬಸಿಯದೆ ನಿಂತು, ಉಪ್ಪು ಮೇಲೆದ್ದು, ವಿಸ್ತಾರವಾದ ನೆಲ ಸವಳು-ಜವಳಾಗಿದೆ. ಹೆಚ್ಚು ನೀರೂ ಒಂದು ಬಗೆಯ ನಷ್ಟವೆಂಬುದಕ್ಕೆ ಇದೇ ನಿದರ್ಶನ. ಆದರೆ ಈ ದಂಡ ನಿಧಾನವಾಗಿ, ಅನೇಕ ವರ್ಷಗಳ ಮೇಲೆ ಬೀಳುವುದರಿಂದ ಹಂಗಾಮಿನ ಲೆಕ್ಕದಲ್ಲಿ ಕಾಣುವುದಿಲ್ಲ. ಇದನ್ನು ಐದನೆಯ ನಿಯಮವಾಗಿ ಆಟಕ್ಕೆ ಸೇರಿಸಿ ನೋಡುವ ಕೆಲಸವನ್ನು ಓದುಗರಿಗೇ ಬಿಡುತ್ತೇವೆ.

ನೀರಿನ ಮೊತ್ತವನ್ನೂ ಬದಲಿಸಿ ನೋಡಬೇಕು. ೧೯೫೩ರಲ್ಲಿ ಸುಮಾರು ೧೩೩ ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ, ಹೂಳು ತುಂಬಿ, ೨೦೧೬ರ ಅಳತೆಯಂತೆ ಸುಮಾರು ೧೦೫.೮ಕ್ಕೆ ಇಳಿದಿದೆ. ಜಲಾಶಯದಲ್ಲಿ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಕಾಲುವೆಯ ನೀರೂ ತಗ್ಗುವುದೆಂದಿಲ್ಲ. ಆದರೂ ಹಾಗೆಂದೇ ಭಾವಿಸಿ ೧೬ರ ಬದಲು ೧೩ ಬೀಜಗಳಿಂದ ಮೊದಲ ಆಟವನ್ನು ಆಡಿದರೆ, ನಾಲ್ವರಲ್ಲಿ ಭತ್ತ ನಿಂತು ಐವರು ಬರಿಗೈಯವರಾಗುವರು. ಮೇಲಿನವರಲ್ಲಿ ಒಬ್ಬನ ಭತ್ತ ಹೋಯಿತು, ಕೆಳಗಿನವರಲ್ಲಿ ಇನ್ನೊಬ್ಬನ ಜೋಳವೂ ಹೋಯಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನೂ, ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿ ನೀರನ್ನು ತಡೆದುದನ್ನೂ ಓದುಗರು ಬಲ್ಲರು. ಇಂಥ ಅನಿಶ್ಚಿತತೆಯನ್ನು ಆಟದಲ್ಲಿ ತರಲು ಪ್ರತಿ ಹಂಗಾಮಿಗೂ ದಾಳ ಉರುಳಿಸಿ, ೧೨ ಬೀಜಕ್ಕೆ ದಾಳದ ಸಂಖ್ಯೆಯನ್ನು ಕೂಡಿಸಿಕೊಳ್ಳಬಹುದು. ಆಗ ಒಂದೇ ಸಲ ಆಡಿ ತೀರ್ಪು ಹೇಳಲಾಗದು. ನೂರಾರು ಸಲ ಆಡಬೇಕಾಗುವುದು.

ಕಂಪ್ಯೂಟರಿನ ಅಗತ್ಯ ಬೀಳುವುದು ಇಲ್ಲಿಯೇ. ಅಮೆರಿಕದ ಯೂರಿ ವಿಲೆನ್ಸ್‌ಕಿ ಅವರು ೧೯೯೯ರಲ್ಲಿ ರಚಿಸಿದ ನೆಟ್‌ಲೋಗೊ ಎಂಬ ತಂತ್ರಾಂಶ ಈ ಕೆಲಸಕ್ಕೆಂದೇ ಇದ್ದು, ಉಚಿತವಾಗಿ ದೊರೆಯುತ್ತದೆ. ಪೈಥಾನ್ ಬಲ್ಲ ಕಾಲೇಜು ವಿದ್ಯಾರ್ಥಿಗಳು ನಮ್ಮ ನಾಲ್ಕು ನಿಯಮಗಳನ್ನು ಒಂದೆರಡು ಪುಟಗಳಲ್ಲಿ ಬರೆಯಬಲ್ಲರು. ಆದರೆ ಮೊದಲು ಬೀಜಗಳಿಂದಲೇ ಆಡಬೇಕೆಂಬುದು ನಮ್ಮ ಸಲಹೆ. ಕೈಯಿಂದ ಆಡಿದವನಿಗೆ ನಿಯಮ ಎಲ್ಲಿ ಅಸ್ಪಷ್ಟವಾಗಿದೆಯೆಂಬುದು ತಕ್ಷಣ ತಿಳಿಯುವುದು; ಕಂಪ್ಯೂಟರು ತಪ್ಪು ನಿಯಮವನ್ನೂ ಅಷ್ಟೇ ವೇಗದಿಂದ ಪಾಲಿಸುವುದು. ಒಮ್ಮೆಗೆ ಒಂದು ನಿಯಮವನ್ನು ಮಾತ್ರ ಬದಲಿಸಬೇಕು; ಎರಡನ್ನು ಬದಲಿಸಿದರೆ ಫಲ ಯಾವುದರಿಂದ ಬಂದಿತೆಂದು ಗೊತ್ತಾಗದು.

ಕೊನೆಯದಾಗಿ, ಹಾಳೆಯ ಹೊಲ ನೆಲದ ಹೊಲವಲ್ಲ. ನಮ್ಮ ರೈತನಿಗೆ ಸಾಲವಿಲ್ಲ, ಕೊಳವೆಬಾವಿಯಿಲ್ಲ, ರಾತ್ರಿಯ ವೇಳೆ ತೂಬನ್ನು ಎತ್ತುವ ಧೈರ್ಯವೂ ಇಲ್ಲ. ಮಾದರಿಯು ಹೀಗೇ ಆಗುವುದೆಂದು ಹೇಳುವುದಿಲ್ಲ. ಹೀಗಾಗಲು ಇಷ್ಟು ಸಾಕೆಂದು ತೋರಿಸುತ್ತದೆ. ನಿಜವನ್ನು ತಿಳಿಯಲು ಕಾಲುವೆಯ ಏರಿಯ ಮೇಲೆ ನಡೆಯಬೇಕು, ನೀರುಗಂಟಿಯನ್ನು ಮಾತನಾಡಿಸಬೇಕು. ಸಿರುಗುಪ್ಪ, ಕುರುಗೋಡುಗಳ ವಿದ್ಯಾರ್ಥಿಗಳಿಗೆ ಈ ಪ್ರಯೋಗಶಾಲೆ ಮನೆಯ ಬಾಗಿಲಲ್ಲಿಯೇ ಇದೆ. ಬಳ್ಳಾರಿ ನಗರದವರು ನಲ್ಲಿಯನ್ನು ತಿರುಗಿಸುವಾಗ ತಾವೂ ಈ ಆಟದ ಒಂದು ಚೌಕವೆಂಬುದನ್ನು ನೆನೆದರೆ ಸಾಕು. ಏರಿಯ ಮೇಲೆ ನಡೆಯ ಹೊರಡುವ ವಿದ್ಯಾರ್ಥಿಗಳಿಗೆ ನಮ್ಮದೊಂದೇ ಬಿನ್ನಹ: ನಡಿಗೆಯನ್ನು ತೂಬಿನಿಂದ ಆರಂಭಿಸದೆ, ಹತ್ತನೆಯ ಹೊಲದಿಂದ ಆರಂಭಿಸಿರಿ.