ಕಲಾಯಿಯ ತವರ ಕಡಲಿಗೆ ವಿಷವಾದ ಬಗೆ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಬೇಯಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಕಲಾಯಿ ಎಂದರೆ ತವರ. ಅದು ಒಂದಿಷ್ಟು ಹೊಟ್ಟೆಗೆ ಹೋದರೂ ದೇಹ ಹೀರಿಕೊಳ್ಳುವುದು ತೀರಾ ಕಡಿಮೆ. ಆದರೆ ಇದೇ ತವರಕ್ಕೆ ಇಂಗಾಲದ ಸರಪಳಿಗಳನ್ನು ಜೋಡಿಸಿದರೆ ಅದರ ಗುಣವೇ ಬದಲಾಗುತ್ತದೆ. ಹೀಗೆ ತಯಾರಾಗುವ ‘ಸಾವಯವ ತವರ’ಕ್ಕೂ ಸಾವಯವ ಕೃಷಿಗೂ ಸಂಬಂಧವಿಲ್ಲ, ಇಲ್ಲಿ ಸಾವಯವ ಎಂದರೆ ಇಂಗಾಲ ಕೂಡಿದ್ದು ಎಂದಷ್ಟೇ. ಇವುಗಳಲ್ಲಿ ಕುಖ್ಯಾತವಾದದ್ದು ಮೂರು ಸರಪಳಿಗಳಿರುವ ಟ್ರೈಬ್ಯುಟೈಲ್‌ಟಿನ್, ಅಂದರೆ ಟಿಬಿಟಿ.

ನಮ್ಮ ಜೀವಕೋಶದ ಸುತ್ತ ಕೊಬ್ಬಿನ ಎರಡು ಪದರದ ತೆಳು ಪೊರೆ ಇದೆ. ನೀರಿನಲ್ಲಿ ಕರಗಿದ ಲೋಹದ ಅಯಾನು ಅದನ್ನು ಸುಲಭವಾಗಿ ದಾಟಲಾರದು. ಟಿಬಿಟಿಯ ಸರಪಳಿಗಳಿಗೆ ಎಣ್ಣೆಯ ಗುಣವಿರುವುದರಿಂದ ಅದು ಪೊರೆಯೊಳಗೆ ಸಲೀಸಾಗಿ ಸೇರಿಕೊಂಡು ಪದರಗಳ ಜೋಡಣೆಯನ್ನೇ ಕೆಡಿಸುತ್ತದೆ. ಪ್ರಮಾಣ ಹೆಚ್ಚಾದರೆ ಕೆಂಪು ರಕ್ತಕಣಗಳು ಒಡೆದೇ ಹೋಗುತ್ತವೆ.

ಇನ್ನೂ ದೊಡ್ಡ ಹೊಡೆತ ಬೀಳುವುದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ. ಲಿಂಗನಮಕ್ಕಿಯ ನೀರು ಎತ್ತರದಿಂದ ಇಳಿದು ಟರ್ಬೈನ್ ತಿರುಗಿಸುವುದನ್ನು ನೆನಪಿಸಿಕೊಳ್ಳಿ. ಇಲ್ಲಿಯೂ ಪೊರೆಯ ಒಂದು ಬದಿಯಲ್ಲಿ ಪ್ರೋಟಾನುಗಳು ಸಂಗ್ರಹವಾಗಿ, ಒಂದು ಕಿಣ್ವದ ಮೂಲಕ ಹರಿಯುವಾಗ ಎಟಿಪಿ ಎಂಬ ಇಂಧನ ತಯಾರಾಗುತ್ತದೆ. ಟಿಬಿಟಿ ಈ ಕಿಣ್ವವನ್ನು ತಡೆಯುತ್ತದೆ. ಸಾಲದೆಂಬಂತೆ ಕ್ಲೋರೈಡನ್ನು ಒಳಗೂ ಹೈಡ್ರಾಕ್ಸೈಡನ್ನು ಹೊರಗೂ ಸಾಗಿಸಿ ಕಟ್ಟೆಯನ್ನು ಸೋರಿಸುತ್ತದೆ. ಟರ್ಬೈನ್ ನಿಂತು ಕಟ್ಟೆಯೂ ಸೋರಿದರೆ ಕೋಶ ಬದುಕುವುದು ಹೇಗೆ?

ಈ ಬಳಗದ ಅಪಾಯ ತಿಳಿಯದ್ದೇನಲ್ಲ. 1954ರಲ್ಲಿ ಫ್ರಾನ್ಸಿನಲ್ಲಿ ಕುರುವಿಗೆಂದು ಮಾರಿದ ಸ್ಟಾಲಿನಾನ್ ಎಂಬ ತವರದ ಕ್ಯಾಪ್ಸೂಲ್ ನುಂಗಿ ಸುಮಾರು 100 ಮಂದಿ ಸತ್ತರು. ಅದರಲ್ಲಿ ಬೆರೆತಿದ್ದ ಟ್ರೈಈಥೈಲ್‌ಟಿನ್ ಮಿದುಳಿನಲ್ಲಿ ಬಾವು ತರಿಸಿತ್ತು. ಆದರೂ 1960ರ ದಶಕದಿಂದ ಟಿಬಿಟಿ ಹಡಗಿನ ಬಣ್ಣಕ್ಕೆ ಸೇರಿತು. ತಳಕ್ಕೆ ಚಿಪ್ಪುಜೀವಿಗಳು ಅಂಟಿದರೆ ಹಡಗಿನ ವೇಗ ತಗ್ಗಿ ಇಂಧನ ಹೆಚ್ಚು ಸುಡುತ್ತದೆ; ಈ ಬಣ್ಣ ಅವನ್ನು ದೂರವಿಡುತ್ತಿತ್ತು. ಕಡಲು ಅಷ್ಟು ದೊಡ್ಡದು, ಇಷ್ಟು ವಿಷ ಏನು ಮಾಡೀತು ಎಂಬುದು ಲೆಕ್ಕಾಚಾರ.

ಲೆಕ್ಕ ತಪ್ಪಿತು. 1970ರ ದಶಕದ ಕೊನೆಗೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ, ಸಿಂಪಿ ಸಾಕುವವರ ಬದುಕು ಕುಸಿಯಿತು. ಇಂಗ್ಲೆಂಡಿನ ತೀರದಲ್ಲಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಜನನಾಂಗ ಬೆಳೆದು, ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿತು. ಇದಕ್ಕೆ ಲೀಟರಿಗೆ 1 ನ್ಯಾನೋಗ್ರಾಂ ಸಾಕು. ಅಂದರೆ 100 ಕೋಟಿ ಲೀಟರ್ ನೀರಿಗೆ 1 ಗ್ರಾಂ! ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಪೊರೆ ಒಡೆಯುವುದಿಲ್ಲ. ಕೋಶದೊಳಗಿನ ಹಾರ್ಮೋನ್ ಗ್ರಾಹಕಕ್ಕೆ ಸುಳ್ಳು ಸಂದೇಶ ಕೊಡುತ್ತದೆ.

ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧಿಸಿತು. 2001ರಲ್ಲಿ ರೂಪುಗೊಂಡ ಜಾಗತಿಕ ಒಪ್ಪಂದ ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಆದರೆ ಕೆಸರಿಗಿಳಿದ ಟಿಬಿಟಿ ವರ್ಷಗಟ್ಟಲೆ ಉಳಿಯುತ್ತದೆ, ಹೂಳೆತ್ತಿದಾಗ ಮತ್ತೆ ನೀರಿಗೇಳುತ್ತದೆ. ಮುಂಬೈ ಇರಲಿ, ಮಂಗಳೂರು, ಕಾರವಾರ ಇರಲಿ, ಬಂದರಿನ ಹೂಳೆತ್ತುವ ಮೊದಲು ಕೆಸರಿನಲ್ಲಿ ಏನಿದೆ ಎಂದು ಪರೀಕ್ಷಿಸಿದ್ದೀರಾ ಎಂದು ನಾವು ಕೇಳಬೇಕು. ಆ ನೀರಿನ ಮೀನು, ಮರುವಾಯಿ ನಮ್ಮ ತಟ್ಟೆಗೇ ಬರುವುದು.