ಆಸ್ಟಿನ್‌ನಿಂದ ಬರೋ ಆ ಇಮೇಲ್‌ನಲ್ಲಿ ಏನಿರುತ್ತೆ?

ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎಂಎಸ್ ಮಾಡೋ ನಮ್ಮವರಿಗೆಲ್ಲ 'ಇನ್-ಸ್ಟೇಟ್ ಫೀಸ್' ಅನ್ನೋ ಪದ ವಿಮಾನ ಇಳಿಯೋ ಮೊದಲೇ ಪರಿಚಯ ಆಗಿರುತ್ತೆ. ವರ್ಷಕ್ಕೆ ಕನಿಷ್ಠ 1,000 ಡಾಲರ್‌ನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಸಿಕ್ಕರೆ ಸಾಕು, ಹೊರಗಿನವರ ಫೀಸಿನ ಬದಲು ಇಲ್ಲಿನ ನಿವಾಸಿಗಳ ಫೀಸ್ ಕಟ್ಟಬಹುದು. ಸ್ಕಾಲರ್‌ಶಿಪ್ ಕೊಡೋದೇನೋ ಯೂನಿವರ್ಸಿಟಿ. ಆದರೆ ಫೀಸ್ ಇಳಿಸೋದಕ್ಕೆ ಅದಕ್ಕೆ ಅನುಮತಿ ಇರೋದು ಟೆಕ್ಸಸ್‌ನ ಶಿಕ್ಷಣ ಕಾನೂನಿನಲ್ಲಿರುವ ಒಂದು ಕಲಮಿನಿಂದ. ಒಟ್ಟು ವಿದ್ಯಾರ್ಥಿಗಳ ಶೇ. 5ಕ್ಕಿಂತ ಹೆಚ್ಚು ಜನರಿಗೆ ಹೀಗೆ ಕೊಡಬಾರದು ಅನ್ನೋ ಮಿತಿಯೂ ಅಲ್ಲೇ ಇದೆ. ಅರ್ಧ ಸಮಯದ ಟಿಎ, ಆರ್‌ಎ ಕೆಲಸ ಇದ್ದವರಿಗೆ ಸಿಗೋ ರಿಯಾಯಿತಿಯೂ ಇಂಥದ್ದೇ ಇನ್ನೊಂದು ಕಲಮು. ಶಾಸಕರು ಬರೆದದ್ದನ್ನು ಶಾಸಕರೇ ತಿದ್ದಬಹುದು, ಅಳಿಸಲೂಬಹುದು. ಅದಕ್ಕೇ, ಅಧಿವೇಶನ ಶುರುವಾಗೋ ಹೊತ್ತಿಗೆ ಶಾಸಕರು ತಮ್ಮ ಕ್ಷೇತ್ರದ ಜನರಿಗೆ ಕಳಿಸೋ ಪತ್ರವನ್ನು ಓದೋದು ಹೇಗೆ ಅಂತ ಬರೀತಿದ್ದೀನಿ.

ಮೊದಲು ಒಂದು ಅನುಮಾನ. ನಮಗೆ ಮತವೇ ಇಲ್ಲವಲ್ಲ, ನಾವು ಯಾರ ಕ್ಷೇತ್ರದ ಜನ? ಅಮೆರಿಕದ ಜನಗಣತಿ ಇಲ್ಲಿ ವಾಸವಾಗಿರೋ ವಿದೇಶಿ ವಿದ್ಯಾರ್ಥಿಗಳನ್ನೂ ಎಣಿಸುತ್ತೆ, ಟೆಕ್ಸಸ್‌ನ ಕ್ಷೇತ್ರಗಳ ಗಡಿ ಹಾಕೋದು ಒಟ್ಟು ಜನಸಂಖ್ಯೆಯ ಮೇಲೆ. 'ಮತದಾರರನ್ನು ಮಾತ್ರ ಎಣಿಸಿ' ಅಂತ ಟೆಕ್ಸಸ್‌ನ ಇಬ್ಬರು ಮತದಾರರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಒಟ್ಟು ಜನಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಬಹುದು ಅಂತ 2016ರಲ್ಲಿ ಎಂಟೂ ನ್ಯಾಯಮೂರ್ತಿಗಳು ಹೇಳಿದರು. ಅಂದ್ರೆ 2020ರ ಗಣತಿಯ ಪ್ರಕಾರ ಒಂದು ಹೌಸ್ ಕ್ಷೇತ್ರದಲ್ಲಿರೋ ಸುಮಾರು 1,94,000 ಜನರಲ್ಲಿ ಆಗ ಇಲ್ಲಿದ್ದ ನಮ್ಮ ಸೀನಿಯರ್‌ಗಳೂ ಸೇರಿದ್ದಾರೆ. ಶಾಸಕಾಂಗದ ವೆಬ್‌ಸೈಟಿನಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ವಿಳಾಸ ಹಾಕಿದರೆ ನಿಮ್ಮ ಹೌಸ್ ಸದಸ್ಯರು ಯಾರು, ಸೆನೆಟರ್ ಯಾರು ಅಂತ ತೋರಿಸುತ್ತೆ. ಪತ್ರಕ್ಕೆ ಹೆಸರು ಕೊಡೋಕೆ ವೀಸಾ ಯಾವುದು ಅಂತ ಯಾರೂ ಕೇಳೋದಿಲ್ಲ.

ನಮ್ಮೂರ ಎಂಎಲ್ಎ ಫ್ಲೆಕ್ಸ್ ನೋಡಿ ಬೆಳೆದ ಕಣ್ಣಿಗೆ ಈ ಪತ್ರ ಸ್ವಲ್ಪ ಸಪ್ಪೆ ಅನ್ನಿಸುತ್ತೆ. ಗುದ್ದಲಿಪೂಜೆ ಇಲ್ಲ, ಸಿಸಿ ರಸ್ತೆ ಇಲ್ಲ, ಕೊಳವೆಬಾವಿ ಇಲ್ಲ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಇಲ್ಲಿನ ಶಾಸಕರ ಕೈಯಲ್ಲಿ ಅಂಥ ದುಡ್ಡಿಲ್ಲ. ನಿಮ್ಮ ಬೀದಿಯ ಗುಂಡಿ ಸಿಟಿ ಕೌನ್ಸಿಲ್‌ನ ತಲೆನೋವು. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್, 1975ರಿಂದ ಅಷ್ಟೇ ಇದೆ. ನಮ್ಮಲ್ಲಿ ಕ್ಯಾಂಪಸ್ ಲೈಬ್ರರಿಯಲ್ಲಿ ವಾರಕ್ಕೆ 20 ಗಂಟೆ ದುಡಿಯೋರು ಅದಕ್ಕಿಂತ ಹೆಚ್ಚು ತಗೋತಾರೆ! ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ ಇದೆ ಅನ್ನಿ. ಆದರೂ ಬಹಳಷ್ಟು ಶಾಸಕರಿಗೆ ಊರಲ್ಲಿ ವಕೀಲಿಕೆಯೋ ವ್ಯಾಪಾರವೋ ಇದ್ದೇ ಇರುತ್ತೆ.

ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಲ್ಲಿ. ಜನವರಿಯ ಎರಡನೇ ಮಂಗಳವಾರ ಮಧ್ಯಾಹ್ನ 12ಕ್ಕೆ ಶುರು, 140 ದಿನಕ್ಕೆ ಮುಕ್ತಾಯ. ಮುಂದಿನದು 2027ರ ಜನವರಿ 12ಕ್ಕೆ. ಮಧ್ಯೆ ವಿಶೇಷ ಅಧಿವೇಶನ ಬೇಕಾದರೆ ಗವರ್ನರ್ ಕರೀಬೇಕು. ಅದು ಹೆಚ್ಚೆಂದರೆ 30 ದಿನ, ಅದೂ ಅವರು ಪಟ್ಟಿ ಮಾಡಿದ ವಿಷಯಗಳ ಮೇಲೆ ಮಾತ್ರ. ಲೆಕ್ಕ ಹಾಕಿ ನೋಡಿ: ಆಗಸ್ಟ್‌ನಲ್ಲಿ ಬಂದು ಎರಡು ವರ್ಷದ ಎಂಎಸ್ ಮುಗಿಸೋ ಯಾವ ಬ್ಯಾಚಿಗೇ ಆಗಲಿ, ನೋಡೋಕೆ ಸಿಗೋದು ಒಂದೇ ಒಂದು ಮಾಮೂಲಿ ಅಧಿವೇಶನ.

ಪತ್ರದ ಜೀವಾಳ ಇರೋದು 'ನಾನು ಈ ಮಸೂದೆಗಳನ್ನು ಸಲ್ಲಿಸಿದ್ದೀನಿ' ಅನ್ನೋ ಭಾಗದಲ್ಲಿ. ಇದು ನಮಗೆ ಸುಲಭಕ್ಕೆ ಅರ್ಥ ಆಗಲ್ಲ. ವಿಧಾನಸೌಧದಲ್ಲಿ ಪಾಸಾಗೋ ಮಸೂದೆಗಳನ್ನು ಮಂಡಿಸೋದು ಸಾಮಾನ್ಯವಾಗಿ ಮಂತ್ರಿಗಳು. ಪಕ್ಷ ವಿಪ್ ಕೊಟ್ಟ ಮೇಲೆ ಶಾಸಕರು ಅದನ್ನು ಮೀರಿದರೆ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸೀಟೇ ಹೋಗಬಹುದು. ಟೆಕ್ಸಸ್‌ನಲ್ಲಿ ಸರ್ಕಾರಿ ಮಸೂದೆ ಅನ್ನೋ ಜಾತಿಯೇ ಇಲ್ಲ. ಗವರ್ನರ್ ಎರಡೂ ಸದನಗಳ ಹೊರಗಿನವರು, ಅವರಿಗೇ ಒಂದು ಕಾನೂನು ಬೇಕಾದರೂ ಯಾರಾದರೂ ಸದಸ್ಯರು ಹೊರಬೇಕು. 150 ಹೌಸ್ ಸದಸ್ಯರು, 31 ಸೆನೆಟರ್‌ಗಳು, ಪ್ರತಿ ಮಸೂದೆಯ ಮೇಲೂ ಇವರಲ್ಲಿ ಒಬ್ಬರ ಹೆಸರು. ಹಾಗಾಗಿ ಪತ್ರದಲ್ಲಿ ಆ ಪದಗಳನ್ನು ಗಮನಿಸಿ ಓದಿ. 'ಆಥರ್' ಅಂದ್ರೆ ಮಸೂದೆ ತಂದವರು. 'ಸ್ಪಾನ್ಸರ್' ಅಂದ್ರೆ ಅದು ಇನ್ನೊಂದು ಸದನಕ್ಕೆ ಹೋದಾಗ ಅಲ್ಲಿ ಹೊತ್ತವರು. 'ಕೋ-ಆಥರ್' ಅಂದ್ರೆ ನನ್ನ ಹೆಸರೂ ಸೇರಿಸಿ ಅಂದವರು, ಅವರು ಬೆವರು ಸುರಿಸಿದ್ದಾರೆ ಅಂತೇನಿಲ್ಲ.

ಸಲ್ಲಿಸೋದು ಸುಲಭ, ನವೆಂಬರ್ ಚುನಾವಣೆ ಮುಗಿದ ಮುಂದಿನ ವಾರದಿಂದಲೇ ಶುರುವಾಗುತ್ತೆ. 2023ರಲ್ಲೂ 2025ರಲ್ಲೂ ಎಂಟೆಂಟು ಸಾವಿರಕ್ಕಿಂತ ಹೆಚ್ಚು ಮಸೂದೆ ಬಂದವು. ಎರಡೂ ಸಲ ಪಾಸಾಗಿದ್ದು ಸುಮಾರು 1,200. ಉಳಿದವನ್ನು ಯಾರೂ ಸೋಲಿಸಿದ್ದಲ್ಲ, ಹೆಚ್ಚಿನವು ಕೂತಲ್ಲೇ ಸತ್ತವು. ಸಮಿತಿಯ ಅಧ್ಯಕ್ಷರು ವಿಚಾರಣೆಗೆ ಕರೀಲಿಲ್ಲ ಅಂದ್ರೆ ಮುಗೀತು. ಸಮಿತಿ ದಾಟಿದರೂ ಹೌಸ್‌ನಲ್ಲಿ ಚರ್ಚೆಗೆ ದಿನ ಗೊತ್ತು ಮಾಡೋ 'ಕ್ಯಾಲೆಂಡರ್ಸ್' ಅನ್ನೋ ಸಮಿತಿ ಇದೆ, ಮೇ ತಿಂಗಳಲ್ಲಿ ಅದರ ಬಾಗಿಲಲ್ಲಿ ಮಸೂದೆಗಳ ರಾಶಿ. ಆದ್ದರಿಂದ ಹತ್ತು ಮಸೂದೆಗಳ ಪಟ್ಟಿಗಿಂತ, 'ನನ್ನನ್ನು ಈ ಸಮಿತಿಗೆ ಹಾಕಿದ್ದಾರೆ' ಅನ್ನೋ ಒಂದು ಸಾಲು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತೆ. ನಿಮ್ಮ ಸದಸ್ಯರು ಉನ್ನತ ಶಿಕ್ಷಣ ಸಮಿತಿಯಲ್ಲೋ ಬಜೆಟ್ ಬರೆಯೋ ಸಮಿತಿಯಲ್ಲೋ ಇದ್ದರೆ ಆ ಇಮೇಲ್ ಅಳಿಸಬೇಡಿ. 140 ದಿನದಲ್ಲಿ ಪಾಸಾಗಲೇಬೇಕಾದ್ದು ಅಂತ ಇರೋದು ಬಜೆಟ್ ಒಂದೇ. ಅದು ಎರಡು ವರ್ಷಕ್ಕೆ, ನಮ್ಮ ಯೂನಿವರ್ಸಿಟಿಗಳ ಪಾಲೂ ಅದರೊಳಗೇ.

ಸಮಿತಿ ವಿಚಾರಣೆಯಲ್ಲಿ ಮಾತಾಡೋಕೆ ಮತದಾರರಾಗಿರಬೇಕಿಲ್ಲ. ಆಸ್ಟಿನ್‌ನ ಕ್ಯಾಪಿಟಲ್‌ಗೆ ಹೋಗಿ ಹೆಸರು ನೋಂದಾಯಿಸಿ, ಮಸೂದೆಯ ಪರ, ವಿರುದ್ಧ, ಇಲ್ಲವೇ ಬರೀ ಮಾಹಿತಿಗೆ ಅಂತ ಆಯ್ಕೆ ಮಾಡಿ, ಸರದಿ ಬಂದಾಗ ಕೆಲವು ನಿಮಿಷ ಹೇಳಬಹುದು. ಸರದಿ ರಾತ್ರಿ ಬಂದರೂ ಬಂತು, ಊಟ ಕಟ್ಟಿಕೊಂಡು ಹೋಗಿ.

ಇನ್ನು ಎಚ್ಚರ ಬೇಕಾದ ಜಾಗ. ಶಾಸಕರಿಂದ ಎರಡು ಥರದ ಇಮೇಲ್ ಬರುತ್ತೆ. ಒಂದು ಕಚೇರಿಯದ್ದು, ಇನ್ನೊಂದು ಚುನಾವಣಾ ಪ್ರಚಾರದ್ದು. ಎರಡನೆಯದರ ಕೆಳಗೆ 'ರಾಜಕೀಯ ಜಾಹೀರಾತು, ಖರ್ಚು ಇಂಥವರದ್ದು' ಅಂತ ಸಣ್ಣಕ್ಷರದಲ್ಲಿರುತ್ತೆ, ಪಕ್ಕದಲ್ಲೇ ದೇಣಿಗೆಯ ದೊಡ್ಡ ಬಟನ್. ಎಫ್-1 ವೀಸಾದವರು ಅದನ್ನು ಒತ್ತಬಾರದು. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಅಮೆರಿಕದ ಯಾವ ಚುನಾವಣೆಗೂ, ಐದು ಡಾಲರ್ ಆದರೂ, ಕೊಡೋದು ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಕ್ಯಾಂಪಸ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಡಿದು 'ಒಂದು ಸೈನ್ ಹಾಕ್ತೀರಾ?' ಅಂತ ನಗುನಗುತ್ತಾ ಕೇಳೋರ ಮತದಾರ ನೋಂದಣಿ ಫಾರಂ ಅಂತೂ ಮುಟ್ಟಲೇಬೇಡಿ. ಅದರಲ್ಲಿ 'ನಾನು ಅಮೆರಿಕದ ಪ್ರಜೆ' ಅನ್ನೋ ಘೋಷಣೆ ಇರುತ್ತೆ, ಅದಕ್ಕೆ ಸಹಿ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು.

2027ರ ಅಧಿವೇಶನ ಮೇ 31ಕ್ಕೆ ಮುಗಿಯುತ್ತೆ. ಜೂನ್ ಮೊದಲ ವಾರದಲ್ಲಿ 'ಇಷ್ಟು ಪಾಸು ಮಾಡಿಸಿದೆ' ಅನ್ನೋ ಪತ್ರ ಬಂದರೆ ಅದನ್ನು ಅಂತಿಮ ಅಂದ್ಕೋಬೇಡಿ. ಅಧಿವೇಶನ ಮುಗಿದ ಮೇಲೂ 20 ದಿನ ಗವರ್ನರ್‌ಗೆ ವೀಟೋ ಮಾಡೋ ಅಧಿಕಾರ ಇರುತ್ತೆ, ಆ ಹೊತ್ತಿಗೆ ಅದನ್ನು ತಳ್ಳಿಹಾಕಬೇಕಾದ ಸದಸ್ಯರೆಲ್ಲ ತಂತಮ್ಮ ಊರು ಸೇರಿರುತ್ತಾರೆ.