ಸಿಂಗಲ್ ಸ್ಕಲ್ಸ್ ರೋವಿಂಗ್: ಪ್ರಥಮ ಬಾರಿಗೆ ಸ್ಪರ್ಧಿಸುವವರ ಗಮನಕ್ಕೆ

ಒಬ್ಬರೇ ಸ್ಪರ್ಧಿಯು ಎರಡು ಹುಟ್ಟುಗಳಿಂದ ದೋಣಿ ನಡೆಸುವ ಸ್ಪರ್ಧೆಯನ್ನು ಸಿಂಗಲ್ ಸ್ಕಲ್ಸ್ ಎಂದು ಕರೆಯಲಾಗುತ್ತದೆ. ಅಂತರರಾಷ್ಟ್ರೀಯ ನಿಯಮಗಳನ್ವಯ ಸ್ಪರ್ಧೆಯ ದೂರ 2000 ಮೀಟರ್ ಹಾಗೂ ದೋಣಿಯ ಕನಿಷ್ಠ ತೂಕ 14 ಕಿಲೋಗ್ರಾಂ ಆಗಿರುತ್ತದೆ. ಸುಮಾರು 8 ಮೀಟರ್ ಉದ್ದದ, ಅತಿ ಕಿರಿದಾದ ಈ ದೋಣಿಯು ತಾನಾಗಿ ಸಮತೋಲನದಲ್ಲಿ ನಿಲ್ಲುವುದಿಲ್ಲ. ಇಕ್ಕೆಲಗಳಿಗೆ ಚಾಚಿದ ಹುಟ್ಟುಗಳೇ ಅದಕ್ಕೆ ಆಧಾರ. ಆದ್ದರಿಂದ ದೋಣಿಯಲ್ಲಿ ಕುಳಿತಿರುವಷ್ಟು ಕಾಲವೂ ಹುಟ್ಟುಗಳ ಹಿಡಿಯನ್ನು ಬಿಡತಕ್ಕದ್ದಲ್ಲ.

ಸುರಕ್ಷತೆ: ಸ್ಪರ್ಧಿಯು ದೋಣಿಯ ಹಿಂಭಾಗಕ್ಕೆ ಮುಖಮಾಡಿ ಕುಳಿತಿರುವುದರಿಂದ ಮುಂದಿನ ದಾರಿ ಕಾಣುವುದಿಲ್ಲ. ಆಗಾಗ್ಗೆ ತಿರುಗಿ ನೋಡಿ ತಮ್ಮ ಪಥವನ್ನು ಖಚಿತಪಡಿಸಿಕೊಳ್ಳುವುದು. ಡಿಕ್ಕಿಯಾದಲ್ಲಿ ಗಾಯವಾಗದಂತೆ ದೋಣಿಯ ಮೂತಿಗೆ ಕನಿಷ್ಠ 4 ಸೆಂ.ಮೀ. ವ್ಯಾಸದ ಚೆಂಡನ್ನು ಅಳವಡಿಸಿರಬೇಕು. ಪಾದರಕ್ಷೆಗಳು ದೋಣಿಗೇ ಜೋಡಿಸಲ್ಪಟ್ಟಿರುತ್ತವೆ. ದೋಣಿ ಮಗುಚಿದಾಗ ಕೈಗಳ ನೆರವಿಲ್ಲದೆ ಪಾದಗಳು ಹೊರಬರಲು ಹಿಮ್ಮಡಿಗೆ ಕಟ್ಟಿದ ದಾರವು ಅವಶ್ಯಕ. ನೀರಿಗಿಳಿಯುವ ಮುನ್ನ ಇದನ್ನು ಪರೀಕ್ಷಿಸುವುದು. ಮಗುಚಿದ ದೋಣಿಯೂ ತೇಲುತ್ತದೆ. ಆದುದರಿಂದ ದಡಕ್ಕೆ ಈಜದೆ, ದೋಣಿಯನ್ನು ಹಿಡಿದುಕೊಂಡು ರಕ್ಷಣಾ ದೋಣಿಗಾಗಿ ಕಾಯುವುದು.

ಪ್ರಾರಂಭ: ಸಂಜ್ಞೆಗೆ ಮುನ್ನ ಹೊರಟವರಿಗೆ ಎಚ್ಚರಿಕೆ ನೀಡಲಾಗುವುದು. ಎರಡನೆಯ ಬಾರಿ ತಪ್ಪಿದಲ್ಲಿ ಸ್ಪರ್ಧೆಯಿಂದ ಹೊರಗಿಡಲಾಗುವುದು.

ತಡವಾಗಿ ಕಲಿಯಲಾರಂಭಿಸಿದವರು ಎದೆಗುಂದಬೇಕಾಗಿಲ್ಲ. ಮಹಾರಾಷ್ಟ್ರದ ಬರಪೀಡಿತ ಗ್ರಾಮವೊಂದರ ದತ್ತು ಭೋಕನಳ್ ಅವರು ಸೇನೆಗೆ ಸೇರಿದ ನಂತರವೇ ರೋವಿಂಗ್ ಕಲಿತು, 2016ರ ರಿಯೊ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯಲ್ಲಿ 13ನೆಯ ಸ್ಥಾನ ಪಡೆದರು. ಪ್ರಥಮ ಸ್ಪರ್ಧೆಯಲ್ಲಿ ಆರಂಭದಲ್ಲೇ ಪೂರ್ಣ ಬಲವನ್ನು ವ್ಯಯಿಸದೆ, ಮಗುಚದೆ ಗುರಿ ತಲುಪುವುದೇ ಹೊಸಬರಿಗೆ ಮೊದಲ ಯಶಸ್ಸಾಗಿರುತ್ತದೆ.